ನಿಂತರೆ ಏಳುವವನು

ಕೂಗೋದು ಬೇಕೋ, ನಡಗೋದು ಬೇಕೋ
ಅಂತ ಕೇಳಿದರು ಘಡ್ಯಾಳಿ ಚಾಚಾ,
ಕಣ್ಣಿಗೆ ಸಿಕ್ಕಿಸಿದ ಭೂತಗನ್ನಡಿ ತೆಗೆಯದೆ.
ಅಶೋಕ ಚೌಕದ ಅವರ ಅಂಗಡಿ
ಒಬ್ಬರು ಒಳಗೆ ಹೋಗಬೇಕಾದರೆ
ಒಬ್ಬರು ಹೊರಗೆ ಬರಬೇಕು, ಅಷ್ಟು ಸಣ್ಣದು.

ಏಳೋರು ಯಾರು?
ನನ್ನ ತಮ್ಮ ಮಲಕಣ್ಣ. ಇಪ್ಪತ್ತಾರು ವರ್ಷ.
ಅಕ್ಕಲಕೋಟೆಗೆ ಪಾವು ಒಯ್ಯುವ ಟೆಂಪೋಕ್ಕೆ ಸೇರಿದ್ದಾನೆ,
ಮೂರೂವರೆಗೆ ಭಟ್ಟಿಯ ಮುಂದೆ ನಿಂತಿರಬೇಕು.
ಎರಡು ಸಲ ತಪ್ಪಿಸಿದ್ದಾನೆ.
ಮೂರನೆಯ ಸಲಕ್ಕೆ ಬೇರೆಯವನನ್ನು ನೋಡುತ್ತಾರಂತೆ.

ಮೊದಲು ತೆಗೆದದ್ದು ಎರಡು ಕಿವಿಯ ಗಂಟೆ ಗಡಿಯಾರ.
ಕೀಲಿ ಕೊಟ್ಟು ಬಿಟ್ಟರೆ ಗಾಜಿನ ಕಪಾಟೇ ಕುಣಿಯಿತು,
ಎದುರಿನ ಚಹಾದವನು ಬೈದ.
ಇದು ಆಗೇತಿ ಚಾಚಾ, ಅಂದೆ.
ಹಿತ್ತಾಳೆ ಪರಾತದಲ್ಲಿ ಕೂರಿಸಿ ತಲೆದೆಸೆಗೆ ಇಟ್ಟಿದ್ದೆ.
ಓಣಿ ಎದ್ದಿತು. ಅಂಬಕ್ಕನ ಕೂಸು ಎದ್ದಿತು.
ಇವನು ಮಗ್ಗಲು ಬದಲಿಸಿದ.

ದಿಂಬಿನ ಕೆಳಗೆ ನಡುಗುವ ಬಿಲ್ಲೆ ತೋರಿಸಿದರು,
ಕೋಳಿಯಂತೆ ಕೂಗುವ ಪ್ಲಾಸ್ಟಿಕ್ಕಿನದು ತೋರಿಸಿದರು.
ಲೆಕ್ಕ ಕೇಳುವ ಮೊಬೈಲಂತೂ ಮನೆಯಲ್ಲೇ ಇದೆ:
ಹದಿನೇಳು ಕೂಡಿಸು ಒಂಬತ್ತು, ಅನ್ನುತ್ತದೆ,
ಸರಿಯುತ್ತರ ಸಿಗುವ ತನಕ ಬಾಯಿ ಮುಚ್ಚುವುದಿಲ್ಲ.
ಇಪ್ಪತ್ತಾರು ಅಂತ ಒತ್ತಿದವಳು ನಾನು.

ನೀರು ಸುರದು ನೋಡ್ರಿ ಬಾಯಿ.
ಸುರಿದೆ. ನಿದ್ದೆಯಲ್ಲೇ ಅಂದ:
ಪತ್ರಾ ಸೋರಾಕತ್ತೈತಿ ಅಕ್ಕಾ, ಭಗುಣಿ ಇಡು.

ಅವನು ಬೆಳೆದದ್ದು ನೀಲಮ ನಗರದ ಮಗ್ಗದ ಖೋಲಿಯಲ್ಲಿ,
ಟವೆಲಿನ ಎರಡು ಪವರ್‌ಲೂಮಿನ ನಡುವೆ ಕಟ್ಟಿದ ಸೀರೆಯ ಜೋಲಿ.
ಲಾಳಿ ಅತ್ತ ಹೊಡೆದು ಇತ್ತ ಹೊಡೆದು
ತೂಗುವುದೇ ಬೇಕಿರಲಿಲ್ಲ.
ಕರೆಂಟು ಹೋಗಿ ಓಣಿಯೆಲ್ಲ ಒಮ್ಮೆಗೇ ಸುಮ್ಮನಾದರೆ
ಬೆಚ್ಚಿ ಎದ್ದು ಕಿರುಚುತ್ತಿದ್ದ.
ಮಲಕ್ಯಾ ಅತ್ತ, ಲೈಟ್ ಹೋತು ನೋಡು,
ಅನ್ನುತ್ತಿದ್ದರು ಹೊರಗೆ ಕೂತವರು.

ಈಗ ಮಗ್ಗಗಳು ತೂಕದ ಲೆಕ್ಕದಲ್ಲಿ ಗುಜರಿಗೆ ಹೋಗಿವೆ.
ನಿಲ್ಲುವುದಕ್ಕೆ ಏನೂ ಉಳಿದಿಲ್ಲ.
ಅವನು ಏಳುವುದು ಹೇಗೆ?

ಇನ್ನೊಂದು, ಚಾಚಾಗೆ ಹೇಳಲಿಲ್ಲ.
ಅವ್ವನ ಎದೆಯಲ್ಲಿ ನೂಲಿನ ಧೂಳು ಕೂತು
ರಾತ್ರಿಯಿಡೀ ಸಿಳ್ಳೆಯ ಉಸಿರು.
ಅದು ನಿಂತ ರಾತ್ರಿ
ಪಕ್ಕದಲ್ಲೇ ಕೈ ತಾಗಿಸಿ ಮಲಗಿದ್ದ ನನಗೆ ಎಚ್ಚರವಾಗಲಿಲ್ಲ.
ಹೊರಗಿನ ಕಟ್ಟೆಯಿಂದ ಎದ್ದು ಬಂದವನು ಅವನು.
ಬಾಗಿಲಲ್ಲಿ ನಿಂತು ಕೇಳಿದ,
ಅಕ್ಕಾ, ಯಾಕ ನಿಂತತು?

ಚಾಚಾ, ಅಂದೆ, ರಾತ್ರಿಯಿಡೀ ಸಪ್ಪಳ ಮಾಡಿ
ಮೂರಕ್ಕ ಸುಮ್ಮಾಗೋ ಗಡಿಯಾರ ಐತೇನು?

ಆಗ ತೆಗೆದರು ಭೂತಗನ್ನಡಿ.
ಐವತ್ತು ವರ್ಷ ಆತು ಬಾಯಿ,
ನಿಂತದ್ದು ನಡಸಿ ಕೊಡ್ರಿ ಅಂತಾರ ಎಲ್ಲಾರೂ.
ನಿಲ್ಲೋದು ಕೊಡ್ರಿ ಅಂದವರು ನೀವ ಮೊದಲು.

ಕೆಳಗಿನ ಡಬ್ಬಿಯಲ್ಲಿ ಕೈಯಾಡಿಸಿ ಹುಡುಕಿ
ನೀರಿನ ಪಂಪಿನ ಹಳೆಯ ಟೈಮರ್ ಸ್ವಿಚ್ಚು ಕೊಟ್ಟರು. ತೊಂಬತ್ತು ರೂಪಾಯಿ.
ಮನೆಯಲ್ಲಿ ಟೇಬಲ್ ಫ್ಯಾನಿತ್ತು.
ಅದರ ಜಾಲರಿಗೆ ಮುರಿದ ಲಾಳಿಯ ತುಂಡು ಕಟ್ಟಿದೆ,
ರೆಕ್ಕೆಯ ತುದಿ ತಾಗುವ ಹಾಗೆ.
ಖಟಕ್ ಖಟಕ್ ಖಟಕ್.
ಮಲಕಣ್ಣ ಹಾಸಿಗೆಯಲ್ಲಿ ಕೂತವನು
ಹಾಗೇ ಒರಗಿ ನಿದ್ದೆ ಹೋದ, ಚಾದರ ಕೂಡ ಎಳೆದುಕೊಳ್ಳದೆ.

ಮೂರಕ್ಕೆ ನಿಂತಿತು.
ಎದ್ದು ಕೂತ.
ಕತ್ತಲಲ್ಲಿ ಸ್ವಲ್ಪ ಹೊತ್ತು
ನಮ್ಮಿಬ್ಬರಲ್ಲಿ ಯಾರೂ ಮಾತಾಡಲಿಲ್ಲ.
ಆಮೇಲೆ ಬಚ್ಚಲಲ್ಲಿ ಚೊಂಬಿನ ಸದ್ದು.

ಮೊನ್ನೆ ಹನ್ನೆರಡೂವರೆಗೇ ಕರೆಂಟು ಹೋಯಿತು.
ನಾನು ಕರೆಯುವುದರೊಳಗೆ ಸೈಕಲ್ ಹತ್ತಿ ಹೋಗಿದ್ದ.
ಭಟ್ಟಿಯಲ್ಲಿ ಹಿಟ್ಟು ಇನ್ನೂ ಉಬ್ಬಿರಲಿಲ್ಲವಂತೆ,
ಮೈದಾ ಚೀಲದ ಮೇಲೆ ಮಲಗಿದನಂತೆ,
ನಾದುವ ಮಶೀನು ನಿಂತಾಗ ಎದ್ದನಂತೆ.

ಬರುವಾಗ ಅಂಚು ಸುಟ್ಟ ಪಾವು ತಂದಿದ್ದ.
ಚಾಚಾಗೆ ಎರಡು ಕೊಟ್ಟು ಬಂದೆ.
ಚಹಾದಲ್ಲಿ ಅದ್ದುತ್ತ ಕೇಳಿದರು,
ಆ ಸಪ್ಪಳದಾಗ ನಿಮಗ ನಿದ್ದಿ ಬರತೈತೇನ್ರಿ ಬಾಯಿ?
ನಿಂತ ಮ್ಯಾಲೆ ಬರತೈತಿ, ಅಂದೆ.