ಬೆದೆ

ಒಂದೂವರೆ ಮೀಟರ್ ಆಳ. ಬಿಸಿಲು ಬೀಳುವ ಗೋಡೆ ಮಾತ್ರ
ನುಣ್ಣಗೆ ಕೆತ್ತಬೇಕು. ಹತ್ತೊಂಬತ್ತು ವರ್ಷದಿಂದ
ನನ್ನ ಕೆಲಸ ಇಷ್ಟೆ.
ಕೆರಗೋಡಿನ ಆಚೆ, ನಾಲೆಯ ಕೊನೆಯ ತೂಬಿನ ಕೆಳಗೆ,
ಕಬ್ಬಿನ ಕೂಳೆ ಕಿತ್ತ ಗದ್ದೆಯಲ್ಲಿ
ಇದು ಎಷ್ಟನೆಯ ಗುಂಡಿಯೋ, ಲೆಕ್ಕ ಕಚೇರಿಯಲ್ಲಿದೆ.

ಮುಂಚೆ ಒಬ್ಬರೇ ಇಳಿಯುತ್ತಿದ್ದರು.
ಪದರಕ್ಕೊಂದು ಚೀಲ, ಚೀಲಕ್ಕೊಂದು ಚೀಟಿ,
ಸಂಜೆಗೆ ಜೀಪು.
ಈ ಸಲ ನಾಲ್ವರು, ಮೊಣಕೈಗೆ ಮೊಣಕೈ ತಾಗಿಸಿಕೊಂಡು.

ನಫೀಸಾ ಮೇಡಂ ಗೋಡೆಗೆ ಆಸಿಡ್ಡಿನ ಹನಿ ಬಿಟ್ಟು
ನೊರೆಗಾಗಿ ಕಾಯುತ್ತಾರೆ.
ದನದ ಡಾಕ್ಟರು ಬಂದಿದ್ದು ಗೊಬ್ಬರದ ಜಾಡು ಹಿಡಿದು:
ಹಸುವಿಗೆ ಚುಚ್ಚಿದ ಔಷಧಿ
ಸಗಣಿಯೊಳಗೆ ಕೂತು ಎಷ್ಟು ದೂರ ನಡೆಯುತ್ತದೆ?
ಮಣ್ಣಿನ ಮಾತುಗಳನ್ನು ಬರೆದುಕೊಳ್ಳಲು ಒಬ್ಬ ಮೇಷ್ಟ್ರು.
ಚೆಲುವರಾಜ, ಮೈಸೂರಿನ ಸೌಂಡ್ ಹುಡುಗ,
ಮೊಳೆಯಂಥ ಮೈಕು ಚುಚ್ಚಿ ಕಣ್ಣು ಮುಚ್ಚಿದ್ದ.
ನನ್ನ ಕಿವಿಗೂ ಹಾಕಿದ.
ಎರೆಹುಳ, ಹೊಸ ಸೀರೆಯ ಮಡಿಕೆ ಬಿಚ್ಚಿದ ಹಾಗೆ,
ಸರಿಯಿತು.
ಇಷ್ಟು ವರ್ಷ ಅದರ ಮೇಲೆ ಏಟು ಹಾಕಿದ್ದೆ,
ಕೇಳಿರಲಿಲ್ಲ.

ಹುಲ್ಲಿನ ಹೊರೆ ಇಳಿಸಿ ಹೊಂಬಾಳಮ್ಮ ಬಗ್ಗಿ ನೋಡಿದಳು.
ಗದ್ದೆ ಅವಳದು. ನಾನು ಎತ್ತಿ ಹಾಕಿದ ಗುಡ್ಡೆಯಿಂದ
ಒಂದು ಹಿಡಿ ತೆಗೆದು, ಅಮುಕಿ, ಅಂಗೈ ಬಿಡಿಸಿದಳು.
“ಇನ್ನೂ ಬೆದೆ ಬಂದಿಲ್ಲ ಕನವ್ವ. ನಾಳಿದ್ದು ನೋಡಿ.”

ಮೇಷ್ಟ್ರ ಪೆನ್ನು ಎದ್ದು ಕೂತಿತು.
ಡಾಕ್ಟರು ನಕ್ಕರು, “ಅದು ನನ್ನ ಪದ ಅಲ್ಲವೇನಮ್ಮಾ?”
“ನಿಮ್ದೂವೆ. ಹಸ ಬಂದ್ರೂ ಅದೇಯ, ಮಣ್ ಬಂದ್ರೂ ಅದೇಯ.
ದಿನ ತಪ್ಪುದ್ರೆ ಎರಡೂ ಕಾಯಕಿಲ್ಲ.”
ಡಾಕ್ಟರ ನಗು ಅರ್ಧಕ್ಕೇ ನಿಂತಿತು.

ನಫೀಸಾ ಮೇಡಂ ಮೀಟರು ನೋಡಿದರು. ತೇವ ಇತ್ತು, ಅಂಕಿ ಇತ್ತು.
ನಮೂನೆಯಲ್ಲಿ ಮೂವತ್ತೊಂದು ಕಲಂ,
ಯಾವುದರಲ್ಲೂ ಅಂಗೈ ಇರಲಿಲ್ಲ.
ಅಂಚಿನಲ್ಲಿ ಕೈಯಿಂದಲೇ ಒಂದು ಗೆರೆ ಎಳೆದು
ಬೆದೆ ಎಂದು ಬರೆದರು.
ಅಳತೆಯ ಜಾಗ ಖಾಲಿ ಬಿಟ್ಟರು.

ಇದನ್ನು ಯಾವ ವಿಭಾಗಕ್ಕೆ ಕಳಿಸುವುದು ಅಂತ
ನಾಲ್ವರೂ ಬದುವಿನ ಮೇಲೆ ಕೂತು ಜಗಳವಾಡಿದರು.
ಕಡಲೆಪುರಿ ಖಾಲಿಯಾಯಿತು, ಜಗಳ ಆಗಲಿಲ್ಲ.

ನಾನು ಗುಂಡಿ ಮುಚ್ಚಿದೆ. ಅಡಿಯದು ಅಡಿಗೆ, ಮೇಲಿನದು ಮೇಲಕ್ಕೆ.
ಎಷ್ಟು ತುಳಿದರೂ ಒಂದು ಮಂಕರಿ ಮಣ್ಣು
ಯಾವಾಗಲೂ ಮಿಗುತ್ತದೆ, ಯಾಕೋ ಯಾರೂ ಕೇಳಿಲ್ಲ.
ಈ ಸಲ ಒಂದು ಹಿಡಿ ಜೇಬಿಗಿಳಿಸಿದೆ.
ಜೀಪಿನಲ್ಲಿ, ಮಂಡ್ಯ ಬರುವ ತನಕ,
ಅಮುಕಿ ಬಿಡಿಸಿ, ಅಮುಕಿ ಬಿಡಿಸಿ,

ನಾಳಿದ್ದಿನ ಡ್ಯೂಟಿ ಪುಸ್ತಕದಲ್ಲಿ ಕೆಲಸದ ಕಾರಣ ಎಂಬಲ್ಲಿ
ಏನು ಬರೆಯಲಿ ಅಂತ.