ತೇಮಾನು

ನಗರ್ತಪೇಟೆಯ ಈ ಓಣಿಗೆ ಬಿಸಿಲು ಬರುವುದು
ಹನ್ನೆರಡೂಕಾಲಿಗೆ. ಹನ್ನೆರಡೂವರೆಗೆ ಹೋಗಿಬಿಡುತ್ತದೆ,
ಕೈಸಾಲ ಕೇಳಲು ಬಂದವನ ಹಾಗೆ, ಹೊಸಿಲಲ್ಲೇ ನಿಂತು.

ಆಮೆ ಸುಬಲನದು. ಘಾಟಾಲಿನಿಂದ ಬಂದ ಹುಡುಗ,
ಕಲ್ಲು ಕೂರಿಸುವುದರಲ್ಲಿ ಎತ್ತಿದ ಕೈ.
ಶಿವಾಜಿನಗರದಲ್ಲಿ ಇನ್ನೂರು ರೂಪಾಯಿಗೆ ಕೊಂಡು ತಂದು
ಆಸಿಡ್ಡಿನ ಟಬ್ಬಿನ ಪಕ್ಕ ಇನ್ನೊಂದು ಟಬ್ಬಿಟ್ಟ.
ತಂಗಿಯ ಮದುವೆಗೆಂದು ಊರಿಗೆ ಹೋದವನು
ಮೊಬೈಲ್ ನಂಬರನ್ನೂ ಜೊತೆಗೇ ಕರೆದುಕೊಂಡು ಹೋದ.
ಉಳಿದದ್ದು ಒಂದು ಲುಂಗಿ, ಒಂದು ಚಿಮಟ, ಖೋಕಾ.

ಧನುರ್ಮಾಸದಲ್ಲಿ ಅದು ವಾಲಿತು.
ನೀರಿನಲ್ಲಿ ಎಡ ಮೇಲೆ, ಬಲ ಕೆಳಗೆ,
ಒಂದು ಬದಿಯ ಕಲ್ಲುದುರಿದ ಪದಕದಂತೆ.
ಮೂಗಿನಲ್ಲಿ ಗುಳ್ಳೆ. ಬಾಯಿ ತೆರೆದು, ಕತ್ತು ಚಾಚಿ,
ಒಂದೊಂದು ಉಸಿರಿಗೂ ಯಾರದೋ ಅಪ್ಪಣೆ ಕೇಳುವಂತೆ.
ಆ ಸದ್ದು ನನಗೆ ಗೊತ್ತು:
ಕಿಟ್ಟ ಕಟ್ಟಿದ ಊದುಗೊಳವೆಯ ಸಿಳ್ಳು.
ನಲವತ್ತು ವರ್ಷ ಊದಿದ್ದೇನೆ. ರಾತ್ರಿ ಮಲಗಿದರೆ
ನನ್ನ ಎದೆಯಲ್ಲೂ ಅದೇ.

ತಮ್ಮ ಮೌನೇಶಾಚಾರಿ ಅಂದ,
ಹಲಸೂರು ಕೆರೆಗೆ ಬಿಟ್ಟು ಬಾ, ಪುಣ್ಯ ಬರುತ್ತೆ.
ಬಕೆಟ್ಟು ಹಿಡಿದು ಹೊರಟೆ. ಕೆರೆಗೆಂದೇ ಹೊರಟದ್ದು, ಸುಳ್ಳೇಕೆ.
ಆಟೋದಲ್ಲಿ ಅದು ಒಮ್ಮೆ ಕೆಮ್ಮಿತು.
ಆಮೆಗೆ ಕೆಮ್ಮಲು ಬರುವುದಿಲ್ಲ ಎಂದು
ಡಾಕ್ಟರು ಆಮೇಲೆ ಹೇಳಿದರು.
ಹಾಗಾದರೆ ಕೆಮ್ಮಿದ್ದು ನಾನೇ ಇರಬೇಕು.
ಹೆಬ್ಬಾಳಕ್ಕೆ ತಿರುಗಿಸಪ್ಪ, ಅಂದೆ.

ಅಲ್ಲಿ ನಾಯಿಗಳ ಸಾಲು, ಒಂದು ಕುಂಟು ಮೇಕೆ, ಬಕೆಟ್ಟಿನ ನಾನು.
ಡಾಕ್ಟರ್ ದೇಚಮ್ಮ ಚೀಟಿ ಬರೆಯುತ್ತ, ಹೆಸರು?
ಖೋಕಾ.
ಹಾಗಂದರೆ?
ಗೊತ್ತಿಲ್ಲ ಮೇಡಂ, ಬಂಗಾಳಿ.
ಎಕ್ಸ್‌ರೇಯಲ್ಲಿ ಒಂದು ಶ್ವಾಸಕೋಶ ತಿಳಿ ಕಪ್ಪು, ಇನ್ನೊಂದು ಬರೀ ಮಂಜು.
ತಣ್ಣೀರಾ? ಬಿಸಿಲಿಲ್ಲವಾ? ಪಕ್ಕದಲ್ಲಿ ಆಸಿಡ್ ಹೊಗೆಯಾ?
ಕಟಕಟೆಯಲ್ಲಿ ನಿಂತವನಂತೆ ಹೂಂ, ಹೂಂ ಎನ್ನುತ್ತ ಹೋದೆ.
ನಾಳೆ ಅದರ ಮಲ ತನ್ನಿ, ಅಂದರು.

ನಮ್ಮಲ್ಲಿರುವುದು ಅದೇ ಡಬ್ಬಿ: ಉಂಗುರದ್ದು,
ಒಳಗೆ ಗುಲಾಬಿ ಕಾಗದ. ಅದರಲ್ಲೇ ಒಯ್ದೆ.
ತೆರೆದು ನಕ್ಕರು, ನಗುತ್ತಲೇ ಗಾಜಿಗೆ ಬಳಿದರು.
ನೀವೂ ನೋಡಿ, ಅಂದರು.
ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡೇ ಬದುಕಿದವನು,
ಇಂಥ ಕುಸುರಿ ಕಂಡಿರಲಿಲ್ಲ:
ಹುಳದ ಮೊಟ್ಟೆಗಳು, ದುಂಡು ದುಂಡು, ನೆನೆದ ಸಾಬಕ್ಕಿ,
ಕೆಲವುಗಳ ಒಳಗೆ ಆಗಲೇ ಸುತ್ತಿಟ್ಟ ತಂತಿ.
ಎಷ್ಟು ಚಂದ ಇದೆ ಅಂದುಬಿಟ್ಟೆ.
ನಾಚಿಕೆಯಾಯಿತು.

ಮದ್ದು ತೂಕದ ಮೇಲೆ, ಅಳತೆ ತಪ್ಪಬಾರದು.
ಅದೊಂದನ್ನು ನನಗೆ ಹೇಳಬೇಕಿರಲಿಲ್ಲ.
ಗಾಜಿನ ಪೆಟ್ಟಿಗೆಯ ತಕ್ಕಡಿ ಒರೆಸಿ, ಅರಿಶಿನ ಬಟ್ಟೆ ಹಾಸಿ ಕೂರಿಸಿದೆ.
ನಾನ್ನೂರ ಹನ್ನೆರಡು ಗ್ರಾಂ.
ಆ ತಕ್ಕಡಿಗೆ ಅಷ್ಟು ತೂಕ ಒಮ್ಮೆಗೇ ಬಿದ್ದದ್ದು ಅದೇ ಮೊದಲು.
ಮೂಗುಬೊಟ್ಟು ಹಿಡಿದ ಗಿರಾಕಿಯೊಬ್ಬಳು ಬಾಗಿಲಲ್ಲಿ.
ಸ್ವಲ್ಪ ಇರಮ್ಮ, ಅಂದೆ.

ಮೂರು ದಿನಕ್ಕೊಂದು ಸೂಜಿ, ಮುಂಗಾಲಿಗೆ ಮಾತ್ರ.
ಕೂದಲೆಳೆಯ ತಂತಿಗೆ ನಡುಗದ ಕೈ
ಅಷ್ಟಗಲದ ತೋಳಿಗೆ ನಡುಗಿತು.
ಟಬ್ಬಿನ ಮೇಲೆ ಬಲ್ಬು. ಸಂಜೆ, ಅಕ್ಕನ ಮೊಮ್ಮಗಳ ಯಂತ್ರ ತಂದು
ಮುಚ್ಚಿದ ಡಬ್ಬಿಯೊಳಗೆ ಉಪ್ಪುನೀರಿನ ಆವಿ.
ಅದಕ್ಕೆ ಕೊಟ್ಟು ಮಿಕ್ಕಿದ್ದಕ್ಕೆ
ಬಾಗಿಲು ಹಾಕಿಕೊಂಡು ನಾನೂ ಮುಖವೊಡ್ಡಿದೆ.

ಎರಡನೆಯ ವಾರ ಹುಳು ಬಿದ್ದವು, ಬಿಳಿ ದಾರದ ತುಂಡುಗಳು.
ತೂಗಿದೆ. ನಾನ್ನೂರ ಒಂಬತ್ತು.
ಮೂರು ಗ್ರಾಂ ಕಡಿಮೆ.
ನಮ್ಮ ಕಸುಬಿನಲ್ಲಿ ಇದಕ್ಕೆ ತೇಮಾನು ಅನ್ನುತ್ತೇವೆ,
ಗಿರಾಕಿಯ ಲೆಕ್ಕಕ್ಕೆ ಬರೆಯುತ್ತೇವೆ.
ಸುಬಲನ ಹಾಳೆ ತೆರೆದೆ, ಪೆನ್ನು ಹಿಡಿದೆ,
ಹಾಗೇ ಮುಚ್ಚಿದೆ.

ಇನ್ನೂ ಒಂಚೂರು ವಾಲುತ್ತದೆ, ಗುಲಗಂಜಿಯಷ್ಟು.
ಹನ್ನೆರಡೂಕಾಲು. ಟಬ್ಬನ್ನು ಓಣಿಗೆ ಎಳೆಯುತ್ತೇನೆ.
ಸ್ಕೂಟರಿನವನು ಬೈದು ಸುತ್ತಿ ಹೋಗುತ್ತಾನೆ.
ಖೋಕಾ ಕತ್ತು ಚಾಚುತ್ತದೆ, ಬಾಯಿ ಮುಚ್ಚಿಯೇ.
ಹದಿನೈದು ನಿಮಿಷ.
ಊದುಗೊಳವೆ ಒಳಗೇ ಇರಲಿ.