ಮೂರರ ಸರದಿ

ಹೆಲ್ಮೆಟ್ಟಿನೊಳಗೆ ತಲೆ ತೂರಿಸಿದಾಗ
ಮೊದಲು ಸಿಕ್ಕಿಕೊಂಡದ್ದು ಓದುವ ಕನ್ನಡಕ.
"ತೆಗೆದಿಡಿ ನೆಲಿದಾ, ಅಲ್ಲಿ ಓದೋಕೇನಿದೆ?" ಅಂದ ರೂಲೊ.
ಎಣ್ಣೆಯ ಮುಳ್ಳು ಓದಬೇಕಲ್ಲೋ ಮಗನೇ,
ಬಿಸಿಯ ಮುಳ್ಳು ಓದಬೇಕಲ್ಲ.
ವೈರಿಗೆ ಸುತ್ತುವ ಕಪ್ಪು ಟೇಪಿನಿಂದ
ಕನ್ನಡಕದ ಕಾಲನ್ನು ಕಿವಿಗೆ ಅಂಟಿಸಿದ,
ಕೂಸಿಗೆ ಕುಲಾವಿ ಕಟ್ಟುವಷ್ಟು ಜೋಪಾನವಾಗಿ.

ನನಗೆ ಅರವತ್ತಮೂರು. ಕಾರಿಗೆ ನಲವತ್ತೊಂಬತ್ತು.
ಬಾಗಿಲು ಒಂದು ಫಿಯೆಟ್ಟಿನದು, ಬಾನೆಟ್ಟು ಇನ್ನೊಂದರದು,
ಎಂಜಿನ್ನು ಯಾರದೋ ಕೊಟ್ಟಿಗೆಯಲ್ಲಿ
ಕಾವು ಕೂತ ಕೋಳಿಯನ್ನು ಎಬ್ಬಿಸಿ ತಂದದ್ದು.
ಹನ್ನೆರಡು ಗಂಟೆಯ ಓಟ, ಸಂಜೆ ಆರರಿಂದ ಬೆಳಗಿನ ಆರು.
ಎಂತ್ರೆ ರಿಯೋಸ್‌ನ ಜುಲೈ ಚಳಿ, ಮೂವತ್ತೊಂದು ಕಾರು,
ಬಹುಮಾನ ಒಂದು ಕುರಿ.
ಅದೂ ಪೂರ್ತಿ ಅಲ್ಲ; ಅರ್ಧವನ್ನು
ಕ್ಲಬ್ಬಿನವರು ಆಗಲೇ ಕೆಂಡಕ್ಕೆ ಹಾಕಿದ್ದರು.

ಇಪ್ಪತ್ತೇಳು ವರ್ಷದ ಹಿಂದೆ ಬಿಟ್ಟಿದ್ದೆ.
ಯಾಕೆ ಅನ್ನುತ್ತಾರೆ. ಅಪಘಾತವೇ? ಬಸಿರೇ? ಭಯವೇ?
ಏನೂ ಅಲ್ಲ. ಹಿಟ್ಟು ನಾದುವ ಯಂತ್ರ.
ಒಸ್ವಾಲ್ದೊ ಬೆಲೆ ವಿಚಾರಿಸಿ ಬಂದ,
ನಾನು ಕಾರು ಮಾರಿ ಬಂದೆ,
ಕೊಟ್ಟು ಕಳೆದು ಇಪ್ಪತ್ತು ಪೆಸೊ ಮಿಕ್ಕಿತು.
ಅದರಲ್ಲಿ ಐಸ್‌ಕ್ರೀಂ ತಿಂದೆವು.

ಸರದಿಯ ಚೀಟಿ ಎತ್ತುವ ಮೊದಲೇ ಹೇಳಿದೆ:
ಮೂರರದು ನನಗಿರಲಿ.
ಹುಡುಗರು ಮುಖ ಮುಖ ನೋಡಿಕೊಂಡರು.
ಅದು ದೆವ್ವಕ್ಕೂ ತೂಕಡಿಕೆ ಬರುವ ಹೊತ್ತು,
ನದಿಯ ಮಂಜು ಮೇಲೆದ್ದು ಬಂದು
ಟ್ರ್ಯಾಕಿನ ಮೇಲೆ ಕಾಲು ಚಾಚುವ ಹೊತ್ತು.
ಅವರಿಗೇನು ಗೊತ್ತು,
ಊರಿಗೆ ಊರೇ ಬಾಯಿ ತೆರೆದು ಮಲಗಿರುವಾಗ
ದಿನಾ ಎದ್ದು ಒಲೆಯ ಬಾಯಿ ತೆರೆದವಳು ನಾನು.
ಮೂರು ಗಂಟೆ ನನಗೆ ನಡುರಾತ್ರಿಯಲ್ಲ, ನಡುಮನೆ;
ದೀಪ ಹಚ್ಚದೆ ಓಡಾಡಬಲ್ಲೆ.

ಅಂದುಕೊಂಡಿದ್ದೆ.
ಮೊದಲ ಸುತ್ತಿನ ಕಥೆ ಬೇಡ.
ಬಲಗಾಲು ಬ್ರೇಕನ್ನು ಮರೆತಿತ್ತು,
ಎಡ ಮಂಡಿಗೆ ಕ್ಲಚ್ಚಿನ ಮೇಲೆ ಹಳೇ ದ್ವೇಷ.
ಹುಲ್ಲಿಗೆ ಇಳಿದೆ, ತಿರುಗಿದೆ, ಎತ್ತಲೋ ಮುಖ ಮಾಡಿ ನಿಂತೆ.
ಬಾವುಟದ ಹುಡುಗ ಎದೆಯ ಮೇಲೆ ಶಿಲುಬೆ ಬರೆದುಕೊಂಡ.
ರೆನೋ ಒಂದು ದೀಪ ಮಿಟುಕಿಸಿ ದಾಟಿತು,
ಇನ್ನೊಂದು, ಮತ್ತೊಂದು.
ಹೋಗಲಿ ಬಿಡು ಅಂದೆ, ಅವಕ್ಕೋ ನನಗೋ.

ಏಳನೆಯ ಸುತ್ತೋ ಎಂಟನೆಯದೋ,
ಕೈಗೆ ಹದ ಸಿಕ್ಕಿತು.
ಹದವನ್ನು ಯಾರಿಗೂ ಕಲಿಸಲಾರೆ,
ಅಂಗಡಿಯ ಹುಡುಗಿಯರಿಗೆ ಹೇಳಿ ಹೇಳಿ ಸೋತಿದ್ದೇನೆ.
ಹಿಟ್ಟು ಬೆರಳಿಗೆ ಅಂಟಿಯೂ ಅಂಟದ ಗಳಿಗೆ ಒಂದಿದೆ,
ಟೈರಿಗೂ ನೆಲಕ್ಕೂ ಅದೇ ನಂಟು:
ಒತ್ತಿದರೆ ಹರಿಯುತ್ತದೆ, ಹೆದರಿದರೆ ಕುಸಿಯುತ್ತದೆ.
ಮಂಜಿನಲ್ಲಿ ಕಣ್ಣು ಸೋತಿತು, ಮೂಗು ನೋಡಿತು.
ನೀಲಗಿರಿ ಮರದ ವಾಸನೆ ಬಂದರೆ ಬ್ರೇಕು,
ಕುರಿ ಸುಡುವ ವಾಸನೆ ಬಂದರೆ
ಕಾಲು ಪೂರ್ತಿ ಕೆಳಗೆ.

ನಾಲ್ಕೂ ನಲವತ್ತಕ್ಕೆ ಗೇರು ಮೂರರಲ್ಲಿ ಕಚ್ಚಿಕೊಂಡಿತು.
ಮೇಲೆ ಹೋಗದು, ಕೆಳಗೆ ಬಾರದು.
ಒಳಗೆ ಬರಬೇಕಿತ್ತೇನೋ.
ಮೂರರ ಸರದಿಗೆ ಮೂರನೇ ಗೇರು ಸಾಕು ಅಂತ
ಹಾಗೇ ಸುತ್ತಿದೆ, ಸುತ್ತಿದೆ,
ಎಂಜಿನ್ನು ನೇರ ದಾರಿಯಲ್ಲಿ ಅರಚಿತು,
ತಿರುವಿನಲ್ಲಿ ಕೆಮ್ಮಿತು,
ನಾನು ಎರಡೂ ಕಡೆ ಅದನ್ನು ಬೈದೆ.

ಓಡಿಸುವುದಕ್ಕಿಂತ ಇಳಿಯುವುದು ಕಷ್ಟ.
ರೂಲೊ ಒಂದು ಕೈ, ಎಸೆಕಿಯೆಲ್ ಒಂದು ಕೈ,
ಬಿಸಿ ತಟ್ಟೆಯನ್ನು ಒಲೆಯಿಂದ ಎಳೆದ ಹಾಗೆ ಎಳೆದರು.
ಸೊಂಟ ಇನ್ನೂ ಸೀಟಿನ ಆಕಾರದಲ್ಲೇ ಇತ್ತು.
ಮಾತೆ ಬುರುಡೆ ಕೈಗಿಟ್ಟರು; ಬೆರಳು
ಅದನ್ನೂ ಸ್ಟಿಯರಿಂಗಿನಂತೆ ಹಿಡಿದವು.

ಒಸ್ವಾಲ್ದೊ ಮಡಿಸುವ ಕುರ್ಚಿಯಲ್ಲಿ ನಿದ್ದೆ ಹೋಗಿದ್ದ.
ತೊಡೆಯ ಮೇಲೆ ನನ್ನ ಸುತ್ತಿನ ಲೆಕ್ಕ:
ಹದಿನಾಲ್ಕರವರೆಗೆ ದುಂಡಗೆ ಅಂಕಿ,
ಆಮೇಲೆ ಹಾಳೆಯ ಅಂಚಿಗೆ ಜಾರಿದ ಒಂದು ಗೀರು.
ಅದನ್ನು ಮಡಿಸಿ ಜೇಬಿಗಿಟ್ಟುಕೊಂಡೆ.

ಹತ್ತೊಂಬತ್ತನೆಯವರಾದೆವು.

ಅಂಗಡಿ ಬಾಗಿಲಿಗೆ ಚೀಟಿ ಅಂಟಿಸಿ ಬಂದಿದ್ದೆ:
ಇವತ್ತು ಬ್ರೆಡ್ಡು ಇಲ್ಲ, ಕಾರಣ,
ಅಂತ ಬರೆದು ಮುಂದೆ ಜಾಗ ಬಿಟ್ಟಿದ್ದೆ.
ಬೆಳಗಾದ ಮೇಲೆ ಹೋಗಿ, ಕೈಯಲ್ಲಿ ಪೆನ್ನು ಹಿಡಿದು,
ಎಷ್ಟೋ ಹೊತ್ತು ಆ ಖಾಲಿಯ ಮುಂದೆ ನಿಂತೆ.